ಚಂಡವರ್ಮ ಸಿಂಹಾಸನ ಬಿಟ್ಟಿಳಿಯದ ವರ್ಷ

ಸಿದ್ದಲಿಂಗಮ್ಮನ ಗಂಟಲು ಅಂದರೆ ಸಾಮಾನ್ಯದ್ದಲ್ಲ ಬಿಡಿ. ಲಕ್ಷ್ಮೀಪುರಂನ ಒಂದು ನರ್ಸಿಂಗ್ ಹೋಮಿನಲ್ಲಿ ಆಕೆ ಆಯಾ. ಕೆಳಗೆ ನಿಂತು ಕೂಗಿದರೆ ಮೇಲಿನ ವಾರ್ಡಿನಲ್ಲಿ ನಿದ್ದೆ ಮಾಡುತ್ತಿದ್ದವರು ಎದ್ದು ಕೂರುತ್ತಿದ್ದರು. "ಮೆತ್ತಗೆ ಮಾತಾಡಮ್ಮ, ಇದು ಆಸ್ಪತ್ರೆ" ಅಂತ ಡಾಕ್ಟರು ಗೋಗರೆದರೆ, "ಮೆತ್ತಗೇ ತಾನೇ ಮಾತಾಡ್ತಿರೋದು ಸಾರ್" ಅನ್ನೋಳು. ಹರೆಯದಲ್ಲೇ ಗಂಡ ಹೋದ. ಮಗಳು ಗೌತಮಿಯನ್ನು ಎಂ.ಎ. ತನಕ ಓದಿಸಿದ್ದು ಇದೇ ಗಂಟಲು, ಇದೇ ರಟ್ಟೆ.

ಆ ಗಂಟಲಿಗೆ ತಕ್ಕ ಪಾತ್ರವೂ ಸಿಕ್ಕಿತ್ತು. ಕೃಷ್ಣಮೂರ್ತಿಪುರಂನ ಆಚೆಗಿರುವ ಅವರ ಬೀದಿಯಲ್ಲಿ ಪ್ರತಿವರ್ಷ ಬುದ್ಧ ಪೂರ್ಣಿಮೆಗೆ ಒಂದು ನಾಟಕ. ರಾಮಸ್ವಾಮಿ ಮೇಷ್ಟ್ರು ಬೀದಿಯವರಿಗೆಂದೇ ಬರೆದು, ತಾವೇ ಹಾರ್ಮೋನಿಯಂ ಹಿಡಿದು ಆಡಿಸುತ್ತಿದ್ದದ್ದು. ಚಂಡವರ್ಮ ಅನ್ನೋ ದೊರೆ ಕೋಟೆ ಕಟ್ಟಿಸಲು ಊರನ್ನೇ ಹಿಂಡುತ್ತಾನೆ. ಕೊನೆಗೆ ಆ ಕೋಟೆ ಕೆಲಸದಲ್ಲಿ ಮಗನನ್ನು ಕಳಕೊಂಡ ಕುಂಬಾರಗಿತ್ತಿ ಒಬ್ಬಳು ಆಸ್ಥಾನಕ್ಕೆ ನುಗ್ಗುತ್ತಾಳೆ. "ನಿನ್ನ ಕೋಟೆ ನಿಂತಿರೋದು ಗಾರೆಯಿಂದಲ್ಲ ಕಣಯ್ಯ. ನಾವು ಬಾಯಿ ಮುಚ್ಕೊಂಡಿದ್ದೀವಿ, ಅದಕ್ಕೆ ನಿಂತಿದೆ. ಇಗೋ, ಬಾಯಿ ಬಿಟ್ಟೆ. ಇಳಿ ಕೆಳಗೆ!" ಅನ್ನುತ್ತಾಳೆ. ದೊರೆ ಇಳಿಯುತ್ತಾನೆ, ಪರದೆ ಬೀಳುತ್ತದೆ. ಕುಂಬಾರಗಿತ್ತಿ ಸಿದ್ದಲಿಂಗಮ್ಮ. ಚಂಡವರ್ಮ ಚಿಕ್ಕಬಸವಯ್ಯ, ಬೀದಿಯ ಸಂಘದ ಅಧ್ಯಕ್ಷ.

ಚಿಕ್ಕಬಸವಯ್ಯ ಹುಟ್ಟಾ ಕೆಟ್ಟವನೇನಲ್ಲ. ಸುಳ್ಳು ಹೇಳಬಾರದು. ಬೀದಿಗೆ ನೀರಿಲ್ಲದಾಗ ಇಂಜಿನಿಯರ ಜೀಪಿನ ಮುಂದೆ ಅಂಗಾತ ಮಲಗಿದವನು ಅವನು. ಸಿದ್ದಲಿಂಗಮ್ಮನ ಗಂಡನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನೂ ಅವನೇ. ಸಂಘದ ಭವನಕ್ಕೆ ಬೀದಿಯವರೆಲ್ಲ ಇಟ್ಟಿಗೆ ಹೊತ್ತರು ನಿಜ, ಆದರೆ ಮೊದಲ ಬುಟ್ಟಿ ಇವನ ತಲೆ ಮೇಲಿತ್ತು.

ಮತ್ತೆ ಎಲ್ಲಿ ಹಾಳಾದ? ಇಲ್ಲಿ ಕೇಳಿ. ಆ ಬೀದಿಯಲ್ಲಿ ಒಂದು ಪದ್ಧತಿ. ತಾಲೀಮು ಶುರುವಾದ ದಿನದಿಂದ ದೊರೆಯ ಪಾತ್ರಧಾರಿಯನ್ನು ಯಾರೂ ಹೆಸರು ಹಿಡಿದು ಕೂಗುವಂತಿಲ್ಲ. ಮನೆಯಲ್ಲೂ, ಟೀ ಅಂಗಡಿಯಲ್ಲೂ "ಪ್ರಭು" ಅಂತಲೇ ಕರೆಯಬೇಕು, ಗತ್ತು ಮೈಗೆ ಹತ್ತಲಿ ಅಂತ. ನಾಟಕದ ಮಾರನೇ ದಿನ ಆ ಪ್ರಭುವೇ ಟವೆಲ್ ಸುತ್ತಿಕೊಂಡು ಇಡೀ ಬೀದಿಗೆ ಊಟ ಬಡಿಸಿ, ಎಲೆ ಎತ್ತಿ, ಎಲ್ಲರ ಕೊನೆಗೆ ತಾನು ಉಣ್ಣಬೇಕು. ಹತ್ತಿದ್ದು ಇಳಿಯಲಿ ಅಂತ. ಒಂದು ವರ್ಷ ಚಿಕ್ಕಬಸವಯ್ಯನ ಕಾಲು ಉಳುಕಿತ್ತು. "ನೀವು ಕೂತ್ಕಳಿ ಪ್ರಭು, ನಾವು ಬಡಿಸ್ತೀವಿ" ಅಂದರು ಜನ. ಮರುವರ್ಷ ಕಾಲು ನೆಟ್ಟಗಿತ್ತು. ಆದರೂ "ಅಧ್ಯಕ್ಷರ ಕೈಲಿ ಎಲೆ ಎತ್ತಿಸೋದಾ? ಛೆ ಛೆ" ಅಂದರು. ಅಲ್ಲಿಗೆ ಬಡಿಸೋದು ಹೋಯಿತು, "ಪ್ರಭು" ಮಾತ್ರ ಉಳಿಯಿತು. ಈಗ ವರ್ಷಪೂರ್ತಿ ಪ್ರಭುವೇ! ಅವನು ಬಂದರೆ ಜಗಲಿ ಮೇಲಿದ್ದವರು ಎದ್ದು ನಿಲ್ಲಬೇಕು. ನಿಲ್ಲದವರ ಮನೆ ಮುಂದಿನ ಬೀದಿದೀಪ ಕೆಟ್ಟರೆ ಕೆಟ್ಟೇ ಇರುತ್ತಿತ್ತು.

ಭವನದಲ್ಲಿ ಸಂಜೆ ಗೌತಮಿ ಬೀದಿಯ ಕಾಲೇಜು ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಒಂದು ದಿನ ಒಬ್ಬಳು ಕೇಳಿದಳು, "ಮಿಸ್, ದೊರೆ ದಬ್ಬಾಳಿಕೆ ಶುರು ಮಾಡಿದ ಅಂತ ಎಂಗೆ ಗೊತ್ತಾಗೋದು? ಜನರನ್ನ ಕೊಂದ್ರೇನಾ?"

"ಅಷ್ಟು ತನಕ ಕಾದ್ರೆ ಕೆಟ್ಟೆವು ಕಣೇ" ಅಂದಳು ಗೌತಮಿ. "ಕತೆ ನೋಡು, ಚರಿತ್ರೆ ನೋಡು, ಕೊಲ್ಲೋದು ಆಮೇಲಿನ ಮಾತು. ನಿಮ್ಮ ಪಂಚೆ ಜಾರ್ತಿದೆ ಅಂತ ಅವನಿಗೆ ಹೇಳೋಕೆ ಯಾವತ್ತು ಒಬ್ಬರಿಗೂ ಧೈರ್ಯ ಇರಲ್ವೋ, ಅವತ್ತೇ ಶುರು."

ಬಾಗಿಲ ಹತ್ತಿರ ಮಗಳಿಗೆ ಕಾಯುತ್ತಿದ್ದ ಸಿದ್ದಲಿಂಗಮ್ಮ ಕೇಳಿಸಿಕೊಂಡಳು.  ತಾನೂ ಜಗಲಿ ಬಿಟ್ಟು ಏಳುವವಳೇ ಅಲ್ಲವಾ?

ಈ ವರ್ಷ ಚಿಕ್ಕಬಸವಯ್ಯನಿಗೆ ಕಾರ್ಪೊರೇಷನ್ ಟಿಕೆಟ್ಟಿನ ಆಸೆ ಹತ್ತಿತು. ನಾಟಕಕ್ಕೆ ಪಕ್ಷದ ದೊಡ್ಡವರು ಬರುವವರಿದ್ದರು. ತಾಲೀಮಿನಲ್ಲಿ ಹೊಸ ಅಪ್ಪಣೆ ಆಯಿತು. "ಕೊನೇಲಿ ದೊರೆ ಇಳಿಯಲ್ಲ. ಕುಂಬಾರಗಿತ್ತಿ ಕಾಲಿಗೆ ಬಿದ್ದು ತಪ್ಪಾಯ್ತು ಅಂತಾಳೆ. ದೊರೆ ಕ್ಷಮಿಸ್ತಾನೆ. ಎಲ್ಲರೂ ಜೈ ಅಂತಾರೆ." ಬರೆದ ಮೇಷ್ಟ್ರು ಹಾರ್ಮೋನಿಯಂ ನೋಡುತ್ತಾ ಕೂತರು. ಪಾಪ, ಅವರ ಪಿಂಚಣಿಗೆ ಓಡಾಡಿದ್ದೂ ಇದೇ ಪ್ರಭು.

"ಮಗನ್ನ ಕಳಕೊಂಡೋಳೂ ನಾನೇ, ತಪ್ಪಾಯ್ತು ಅನ್ನೋಳೂ ನಾನೇಯಾ?" ಅಂದುಬಿಟ್ಟಳು ಸಿದ್ದಲಿಂಗಮ್ಮ.

ಚಿಕ್ಕಬಸವಯ್ಯ ನಕ್ಕ. ಆಮೇಲೆ ಪಕ್ಕಕ್ಕೆ ಕರೆದ. "ನೋಡು ಲಿಂಗಮ್ಮ, ಹಳೇ ಮಾತು ಬಾಯಿಂದ ಬಿತ್ತೋ, ಮಾರನೇ ದಿನ ಭವನಕ್ಕೆ ಬೀಗ. ಪರೀಕ್ಷೆ ಹತ್ರ ಬಂತು, ನಿನ್ನ ಮಗಳು ಆ ಮಕ್ಕಳನ್ನ ಎಲ್ಲಿ ಕೂರಿಸ್ತಾಳೆ?"

ಮನೆಗೆ ಬಂದು ಹೇಳಿದಳು. ಗೌತಮಿ ತಲೆ ಮೇಲೆ ಕೈ ಹೊತ್ತಳು. "ಒಂದ್ಸಲ ಬಿದ್ಬುಡವ್ವ. ನಾಟಕ ತಾನೇ? ಆ ಮಕ್ಕಳ ಮನೇಲಿ ಕಾಲು ಚಾಚೋಕೆ ಜಾಗ ಇಲ್ಲ, ಓದೋದೆಲ್ಲಿ?" ಅನ್ನುತ್ತಾ ಅತ್ತಳು. ಸಿದ್ದಲಿಂಗಮ್ಮ ಸೆರಗಿನಿಂದ ಮಗಳ ಕಣ್ಣು ಒರೆಸಿದಳು. "ಬೀಳ್ತೀನಿ ಬಿಡು" ಅಂದಳು. ತಾಲೀಮಿನಲ್ಲಿ ಬಿದ್ದಳು ಕೂಡ.

ನಾಟಕದ ಸಂಜೆ. ಮೈದಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಪಕ್ಷದ ಬಿಳಿ ಬಟ್ಟೆಯವರು, ಸಿಂಹಾಸನದ ಮೇಲೆ ಕಿರೀಟ ತೊಟ್ಟ ಚಿಕ್ಕಬಸವಯ್ಯ, ಅವನ ತಲೆಯ ಮೇಲೊಂದು ತೂಗುಬಿಟ್ಟ ಮೈಕು. ಸಿದ್ದಲಿಂಗಮ್ಮ ನುಗ್ಗಿ ಬಂದಳು. ಬೀಳಬೇಕು. ಮಂಡಿ ಬಗ್ಗಿಸಿದಳು. ಅಷ್ಟರಲ್ಲಿ ಅವನು ತನ್ನ ಪಾದವನ್ನು ತುಸು ಮುಂದೆ ಚಾಚಿದ. ತಾಲೀಮಿನಲ್ಲಿ ಇಲ್ಲದ್ದು ಅದು. ಬಿಳಿ ಬಟ್ಟೆಯವರಿಗೆ ಕಾಣಲಿ ಅಂತ ಮಾಡಿದ್ದು.

ಥತ್! ಏನೋ ಕಿತ್ತುಕೊಂಡು ಬಂತು ಅವಳ ಎದೆಯಿಂದ. ನೆಟ್ಟಗೆ ನಿಂತಳು.

"ನಿನ್ನ ಕೋಟೆ ನಿಂತಿರೋದು ಗಾರೆಯಿಂದಲ್ಲ ಕಣಯ್ಯ..." ಒಂದು ಮಾತೂ ಬಿಡಲಿಲ್ಲ. "ಇಳಿ ಕೆಳಗೆ!"

ಅವನು ಇಳಿಯಲಿಲ್ಲ. ಮುಖ ಕೆಂಪಗಾಗಿ ಬಾಗಿ ಪಿಸುಗುಟ್ಟಿದ. "ನಾಳೆ ಬೆಳಿಗ್ಗೆ ಭವನಕ್ಕೆ ಬೀಗ ಕಣೇ. ನಿನ್ನ ಮಗಳು ಆ ಭಿಕಾರಿಗಳನ್ನ ಬೀದೀಲಿ ಕೂರಿಸ್ಕೊಳ್ಳಲಿ!"

ಮೈಕು ಮೇಲೇ ಇತ್ತಲ್ಲ. ಭಿಕಾರಿಗಳು ಅಂದದ್ದು ಮೈದಾನದ ಮೂಲೆಮೂಲೆಗೂ ಕೇಳಿಸಿತು. ಆ ಮಕ್ಕಳ ಅಪ್ಪ ಅವ್ವಂದಿರೆಲ್ಲ ಅಲ್ಲೇ ಕೂತಿದ್ದರು.  ಸಿದ್ದಲಿಂಗಮ್ಮ ಗುಂಪಿನಲ್ಲಿ ಮಗಳನ್ನು ಹುಡುಕಿದಳು. ಮಕ್ಕಳ ಬಾಯಿಗೆ ಮಣ್ಣು ಹಾಕಿಬಿಟ್ಟೆನಲ್ಲಾ ಅಂತ ಕಣ್ಣಿಗೆ ನೀರು ಬಂತು.

ಹಿಂದಿನಿಂದ ಒಂದು ಕೂಗು ಎದ್ದಿತು. ಅವ್ವನದೇ ಗಂಟಲು, ಆದರೆ ಎಳೆಯದು. "ಒನ್ಸ್ ಮೋರ್!"

ಗೌತಮಿ ಕುರ್ಚಿ ಮೇಲೆ ಹತ್ತಿ ನಿಂತಿದ್ದಳು.

ಒನ್ಸ್ ಮೋರ್ ಬಂದರೆ ಆಡಲೇಬೇಕು. ನಾಟಕದಲ್ಲಿ ಸತ್ತವನೇ ಎದ್ದು ಮತ್ತೆ ಹಾಡಿ ಸಾಯುವ ಊರು ಇದು, ದೊರೆಗೂ ರಿಯಾಯಿತಿ ಇಲ್ಲ. ಮೇಷ್ಟ್ರ ಬೆರಳು ತಾನಾಗಿ ಹಾರ್ಮೋನಿಯಂ ಒತ್ತಿತು. ಸಿದ್ದಲಿಂಗಮ್ಮ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ಅವನು ಅಲುಗಲಿಲ್ಲ. "ಒನ್ಸ್ ಮೋರ್!" ಅಂದಿತು ಅರ್ಧ ಮೈದಾನ. ಮತ್ತೆ ಹೇಳಿದಳು. ಕಾವಲಿನ ಭಟರು ಮರದ ಈಟಿ ಕೆಳಗಿಟ್ಟು ರಂಗದಿಂದ ಇಳಿದು ಜನರ ಜೊತೆ ಹೋಗಿ ನಿಂತರು. ಬಿಳಿ ಬಟ್ಟೆಯವರು ಫೋನು ನೋಡುತ್ತಾ ಎದ್ದು ಹೋದರು. ಕೊನೆಯ ಸಲ "ಇಳಿ ಕೆಳಗೆ" ಅಂದದ್ದು ಸಿದ್ದಲಿಂಗಮ್ಮ ಒಬ್ಬಳೇ ಅಲ್ಲ. ಚಿಕ್ಕಬಸವಯ್ಯ ಇಳಿದ. ಇಳಿಯುವಾಗ ಕಿರೀಟ ಕಂಕುಳಲ್ಲಿತ್ತು.

ಬೆಳಿಗ್ಗೆ ನೋಡಿದರೆ ಭವನಕ್ಕೆ ಬೀಗ ಬಿದ್ದೇ ಇತ್ತು. ನಾಚಿಕೆ ಬಿಟ್ಟವನಿಗೆ ಅದೊಂದು ಲೆಕ್ಕವೇ? ಸಿದ್ದಲಿಂಗಮ್ಮ ಆಯಾ ಸೀರೆ ಉಟ್ಟು ಕೆಲಸಕ್ಕೆ ಹೊರಟವಳು ಮನೆಗೆ ವಾಪಸ್ಸು ಹೋಗಿ ಗುಂಡುಕಲ್ಲು ಎತ್ತಿಕೊಂಡು ಬಂದಳು. ಭವನದ ಬೀಗಕ್ಕೆ ಅವಳು ಕೊಟ್ಟ ಏಟಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು.

ಎದುರು ಮನೆಯ ಮಹಡಿಯಿಂದ ಚಿಕ್ಕಬಸವಯ್ಯ ಗದರಿದ. "ಯಾವಳೇ ಅದು, ನನ್ನ ಬೀಗ ಒಡೀತಿರೋದು?"

"ನಾನು ಕಣಪ್ಪ, ಸಿದ್ದಲಿಂಗಿ!" ಅಂದಳು. ಆ ಗಂಟಲು ಕೇಳದವರು ಯಾರೂ ಉಳಿಯಲಿಲ್ಲ. "ಇನ್ನೊಂದು ಬೀಗ ಇದ್ರೆ ಅದನ್ನೂ ತಗೊಂಬಾ. ಕಲ್ಲು ಇಲ್ಲೇ ಇಟ್ಟು ಹೋಗ್ತೀನಿ, ನಾನು ಡ್ಯೂಟಿಲಿದ್ರೆ ಬೇರೆ ಯಾರಾದ್ರೂ ಒಡೀತಾರೆ!"