ಎಣ್ಣೆ ಹತ್ತಿದ ಫೋಟೊ

ಗಣಿ ಕಾರ್ಮಿಕರ ಮುಷ್ಕರ ಮುರಿದ ಬ್ರಿಟನ್ನಿನ ಮಹಿಳಾ ಪ್ರಧಾನಿ ಮೇಲೆ ಮಾಸ್ತರರಾಗಿದ್ದ ನಮ್ಮಪ್ಪನಿಗೆ ಭಾರೀ ಅಭಿಮಾನ. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಭಜಿ ಕರಿಯುತ್ತಿದ್ದ ಅಪ್ಪನ ಗೆಳೆಯ ಕಾಕಾ, ಸೊಲ್ಲಾಪುರದ ಮಿಲ್ಲಿನಲ್ಲಿ ಮುಷ್ಕರ ಮಾಡಿ ಕೆಲಸ ಕಳೆದುಕೊಂಡವ. ಆಕೆಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದ. ಆಕೆ ಅಧಿಕಾರ ಬಿಟ್ಟ ಸುದ್ದಿ ಬಂದಾಗ, ಬೇಕಂತಲೇ ಆಕೆಯ ಫೋಟೊ ಇದ್ದ ಪೇಪರಿನಲ್ಲಿ ಅಪ್ಪನಿಗೆ ಭಜಿ ಕಟ್ಟಿಕೊಟ್ಟ.

“ಹಿಡೀರಿ ಮಾಸ್ತರ, ನಿಮ್ಮಕ್ಕ ಕುರ್ಚಿ ಬಿಟ್ಟಳು!”

ಅಪ್ಪ ಸಿಟ್ಟಿನಲ್ಲೇ ಭಜಿ ತಿಂದು, ಪೇಪರು ಮಡಚಿ ಜೇಬಿಗಿಟ್ಟರು.

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಆ ಭಜಿ ಪೇಪರು ಟ್ರಂಕಿನಲ್ಲಿ ಸಿಕ್ಕಿತು. ನನ್ನದೊಂದು ಫೋಟೊವನ್ನೂ ಜೋಪಾನ ಮಾಡದವರು ಇದನ್ನು ಇಟ್ಟುಕೊಂಡಿದ್ದರಲ್ಲ ಎಂದು ನನಗೆ ಸಿಟ್ಟು ಬಂತು. ಒಯ್ದು ಕಾಕಾನಿಗೆ ತೋರಿಸಿದೆ.

“ಆಕಿ ಮ್ಯಾಲ ಎಷ್ಟು ಜೀವ ನೋಡು ಕಾಕಾ!”

ಕಾಕಾ ಪೇಪರು ಮೂಸಿ ಕಣ್ಣೊರೆಸಿಕೊಂಡ. “ಹುಚ್ಚಿ, ಆಕಿ ಮುಖ ಎಲ್ಲಿ ಅದ ಇದರಾಗ? ನನ್ನ ಭಜಿ ಎಣ್ಣಿ ಅಷ್ಟೇ ಉಳದದ.”