ಎರಾಕ್ಲಿಯೊ ಬಾಯಿ ಬಿಡದ ಏಳು ವರ್ಷ

ನಮ್ಮೂರಿನಿಂದ ಪೇಟೆಗೆ ರಸ್ತೆ ಇಲ್ಲ, ಅತ್ರಾತೊ ನದಿಯೊಂದೇ ದಾರಿ. ಆ ದಾರಿಯಲ್ಲಿ ಇಪ್ಪತ್ತು ವರ್ಷ ದೋಣಿ ಓಡಿಸಿದವನು ಎರಾಕ್ಲಿಯೊ. ಬಾಳೆಗೊನೆ, ಉಪ್ಪುಮೀನಿನ ಬುಟ್ಟಿ, ಹೆರಿಗೆ ನೋವು ತಿನ್ನುವ ಹೆಂಗಸರು, ಎಲ್ಲರೂ ಎಲ್ಲವೂ ಅವನ ಮೋಟಾರು ದೋಣಿಯಲ್ಲೇ ಹೋಗಬೇಕು. ಅವನ ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ನನ್ನನ್ನು ‘ಕೊಮಾದ್ರೆ’, ಅಂದರೆ ಮಗಳ ಇನ್ನೊಬ್ಬ ತಾಯಿ, ಎಂದೇ ಕರೆಯುತ್ತಿದ್ದ. ಬಾಯಿ ತುಂಬ ಮಾತಿನ ಮನುಷ್ಯ. ಮೋಟಾರಿನ ಸದ್ದಿಗಿಂತ ಅವನ ಸದ್ದೇ ಮೊದಲು ದಡಕ್ಕೆ ಬರುತ್ತದೆ ಎಂದು ನಾವು ನಗುತ್ತಿದ್ದೆವು.

ಬಂದೂಕಿನವರು ಊರಿಗೆ ಬಂದು ಬಿಡಾರ ಹೂಡಿದ ಮೇಲೆ ಆ ನಗೆ ನಿಂತಿತು. ಕಾಡಿನಲ್ಲಿದ್ದ ಬಂಡುಕೋರರನ್ನು ಓಡಿಸಲು ಬಂದಿದ್ದೇವೆ ಎಂದರು. ಅವರ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಕಿವುಡ. ಕಿವಿ ಚೆನ್ನಾಗಿಯೇ ಇತ್ತು, ಯಾರು ಬೇಡಿಕೊಂಡರೂ ಕೇಳಿಸುತ್ತಿರಲಿಲ್ಲ, ಅಷ್ಟೆ. ಅವನಿಗೆ ದೋಣಿ ಬೇಕಾಗಿತ್ತು. ಎರಾಕ್ಲಿಯೊ ಮೊದಲ ದಿನ ಮೋಟಾರು ಕೆಟ್ಟಿದೆ ಎಂದ. ಕಿವುಡ ಜಗಳವಾಡಲಿಲ್ಲ. ಎರಾಕ್ಲಿಯೊನ ಹೆಂಡತಿ ಸೆಲ್ಮೀರಾಳನ್ನು ಕರೆಸಿ, ದೋಣಿಕಟ್ಟೆಯಲ್ಲಿ ಒಂದು ಸ್ಟೂಲು ಹಾಕಿಸಿ ಕೂರಿಸಿದ. ಪಕ್ಕದಲ್ಲೊಬ್ಬ ಬಂದೂಕು ಒರೆಸುತ್ತ ನಿಂತ.

‘ನೀನು ಹೋಗಿ ಬರೋ ತನಕ ನಮ್ಮಕ್ಕ ಇಲ್ಲಿ ಗಾಳಿ ತಗೋತಾ ಕೂತಿರ್ತಾಳೆ,’ ಎಂದ ಕಿವುಡ.

ಅಲ್ಲಿಂದ ಪ್ರತಿ ಸಲವೂ ಅದೇ. ಮೊದಮೊದಲು ಅಕ್ಕಿ ಮೂಟೆ, ಬೂಟಿನ ಪೆಟ್ಟಿಗೆ. ಆಮೇಲೆ ಕೈ ಕಟ್ಟಿದ ಮನುಷ್ಯರು, ನಮಗೆ ಗೊತ್ತಿಲ್ಲದ ಊರುಗಳವರು. ಎರಾಕ್ಲಿಯೊ ಹಿಂದೆ ತಿರುಗಿ ನೋಡದೆ ದೋಣಿ ನಡೆಸುವುದನ್ನು ಕಲಿತ.

ಒಂದು ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಡೆಲ್ಫಾಳನ್ನು ಎಳೆದು ತಂದರು. ನಮ್ಮೂರ ಟೀಚರು ಅವಳು. ಬಂಡುಕೋರರು ಹಿಂದೊಮ್ಮೆ ಶಾಲೆಯಲ್ಲಿ ಸಭೆ ಮಾಡಿದ್ದರು, ಬೀಗದ ಕೈ ಕೊಟ್ಟವಳು ಅವಳು ಎಂಬುದೇ ತಪ್ಪು. ಹೆಬ್ಬೆಟ್ಟು ಒತ್ತುತ್ತಿದ್ದ ಎರಾಕ್ಲಿಯೊಗೆ ರುಜು ಮಾಡಲು ಕಲಿಸಿದ್ದೂ ಅವಳೇ. ಕಿವುಡ ಮತ್ತು ಅವನ ಇಬ್ಬರು ಬಂದೂಕಿನವರ ನಡುವೆ ಅವಳು ದೋಣಿ ಹತ್ತಿದ್ದನ್ನು ನಾನು ನೋಡಿದೆ. ಮೀನು ಹಸನು ಮಾಡುತ್ತ ದಡದಲ್ಲೇ ಇದ್ದೆ. ಹತ್ತು ಹನ್ನೆರಡು ಜನ ಇದ್ದೆವು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದೆವು.

ನದಿಯ ನಡುವೆ ಆದದ್ದನ್ನು ಅವನು ಬಹಳ ವರ್ಷದ ಮೇಲೆ ಹೇಳಿದ. ಪೆಟ್ರೋಲಿನ ಪೈಪನ್ನು ಕಾಲಿನಿಂದ ಸಡಿಲಿಸಿ ಎರಡು ಸಲ ಮೋಟಾರು ನಿಲ್ಲಿಸಿದನಂತೆ. ಯಾವುದಾದರೂ ದೋಣಿ ಎದುರಿಗೆ ಬಂದೀತು, ಪಾದ್ರಿಗಳು ಬಂದಾರು ಎಂಬ ಆಸೆ. ಎರಡನೇ ಸಲಕ್ಕೆ ಕಿವುಡ ಹೇಳಿದ: ‘ಇನ್ನೊಂದ್ ಸಲ ನಿಂತ್ರೆ ಸ್ಟೂಲು ಖಾಲಿ ಆಗತ್ತೆ ನೋಡು.’

ಆಗ ಡೆಲ್ಫಾ, ‘ಸ್ಟಾರ್ಟ್ ಮಾಡು ಮಾವ. ಸೆಲ್ಮೀರಕ್ಕ ಬಿಸಿಲಲ್ಲಿ ಕೂತಿದಾಳೆ,’ ಎಂದಳಂತೆ.

ಅವನು ಸ್ಟಾರ್ಟ್ ಮಾಡಿದ. ಬಿದಿರುಮೆಳೆಯ ತಿರುವಿನಲ್ಲಿ ಆ ಮೂವರು ಅವಳನ್ನು ಇಳಿಸಿಕೊಂಡು ದಡ ಹತ್ತಿದರು. ಬರುವಾಗ ಮೂವರೇ ಬಂದರು.

ಡೆಲ್ಫಾಳ ತಾಯಿ ಪಾಸ್ತೋರಮ್ಮ ಆ ದಿನ ಹೊಲದಲ್ಲಿದ್ದಳು. ಮಗಳನ್ನು ಬಂದೂಕಿನವರು ಒಯ್ದರು ಎಂಬುದಷ್ಟೇ ಅವಳ ಕಿವಿಗೆ ಬಿತ್ತು. ಯಾವ ದೋಣಿಯಲ್ಲಿ, ಎಲ್ಲಿಗೆ, ಯಾರೂ ಹೇಳಲಿಲ್ಲ. ತಿಂಗಳಿಗೊಮ್ಮೆ ಪೇಟೆಗೆ ಹೋಗಿ ಕಚೇರಿ ಕಚೇರಿ ಅಲೆಯತೊಡಗಿದಳು. ಹೋಗುವುದಕ್ಕೆ ಇದ್ದದ್ದು ಎರಾಕ್ಲಿಯೊನ ದೋಣಿಯೇ. ಮಗಳ ಫೋಟೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಅವನ ಮುಂದೆಯೇ ಕೂರುತ್ತಿದ್ದಳು. ಬಿದಿರುಮೆಳೆಯ ತಿರುವು ದಾಟಿದ ಮೇಲೆ ಒಮ್ಮೊಮ್ಮೆ ಕೇಳುತ್ತಿದ್ದಳು:

‘ನಾಲ್ಕೂರು ತಿರುಗೋನು ನೀನು. ಏನಾದ್ರೂ ಕಿವಿಗೆ ಬಿತ್ತೇನಪ್ಪ?’

‘ಇಲ್ಲಮ್ಮ.’

ಮೂರು ವರ್ಷಕ್ಕೆ ಸರಕಾರದೊಂದಿಗೆ ಏನೋ ಒಪ್ಪಂದವಾಗಿ ಬಂದೂಕಿನವರು ಹೊರಟುಹೋದರು. ಇನ್ನು ಹೇಳುತ್ತಾನೆ ಎಂದುಕೊಂಡೆ. ಒಮ್ಮೆ ನಾನೇ ಮೆಲ್ಲಗೆ ಮಾತು ತೆಗೆದೆ.

‘ಹೇಗ್ ಹೇಳ್ಲಿ ಕೊಮಾದ್ರೆ?’ ಎಂದ. ‘ಮೊದಲ್ನೇ ದಿನವೇ ಹೇಳಿದ್ರೆ ಒಂದು ಮಾತು. ಈಗ ಹೇಳಿದ್ರೆ, ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಅಂತಾಳೆ. ನಾಳೆ ಹೇಳಿದ್ರೆ ಇನ್ನೊಂದ್ ದಿನ ಹೆಚ್ಚು. ನೀನಾದ್ರೂ ಹೇಳ್ಬೋದಿತ್ತಲ್ಲ?’

ನಾನು ಮೀನಿನ ಬುಟ್ಟಿ ಎತ್ತಿಕೊಂಡು ಮನೆ ಕಡೆ ಹೊರಟೆ. ಹೀಗೆ ಇನ್ನೂ ನಾಲ್ಕು ವರ್ಷ ಕಳೆಯಿತು. ಅಷ್ಟರಲ್ಲಿ ಅವನ ಮಾತು ಬತ್ತಿಹೋಗಿತ್ತು. ಜನ ಹತ್ತಿದ್ದಾರೋ ಇಲ್ಲವೋ ನೋಡಿ ಹಗ್ಗ ಬಿಚ್ಚುವುದು, ಅಷ್ಟೇ.

ಏಳನೇ ವರ್ಷ ರಾಜಧಾನಿಯಿಂದ ವಿಚಾರಣೆಯವರು ಬಂದು ಶಾಲೆಯಲ್ಲಿ ಮೇಜು ಹಾಕಿದರು. ಊರೆಲ್ಲ ಸೇರಿತ್ತು, ಪಾಸ್ತೋರಮ್ಮ ಮುಂದಿನ ಬೆಂಚಿನಲ್ಲಿದ್ದಳು. ಯಾರಾದರೂ ಮಾತಾಡುತ್ತೀರಾ ಎಂದಾಗ ಎರಾಕ್ಲಿಯೊ ಎದ್ದು ನಿಂತ. ಪೈಪು, ಸ್ಟೂಲು, ತಿರುವು, ಎಲ್ಲ ಹೇಳಿದ. ‘ದೋಣಿ ಕಟ್ಟಿ ಮನೆಗೆ ಹೋಗಿ ಊಟ ಮಾಡಿದೆ,’ ಎಂಬುದನ್ನೂ ಬಿಡಲಿಲ್ಲ.

ಬರೆದುಕೊಳ್ಳುತ್ತಿದ್ದ ಹುಡುಗಿ ಒಳ್ಳೆಯವಳು. ‘ನಿಮ್ಮ ಹೆಂಡ್ತಿ ತಲೆಗೆ ಬಂದೂಕು ಹಿಡಿದಿದ್ರು. ಕಾನೂನಿನ ಪ್ರಕಾರ ನೀವೂ ಸಂತ್ರಸ್ತರೇ ಸರ್. ಆ ಪಟ್ಟಿಗೇ ಸೇರಿಸ್ತೀನಿ,’ ಎಂದಳು.

‘ಆ ಪಟ್ಟೀಲಿ ಬರೀಬೇಡ ತಾಯಿ.’

‘ಮತ್ತೆ ಎಲ್ಲಿ ಬರೀಲಿ? ನೀವು ಕೊಲೆಗಾರರಲ್ಲವಲ್ಲ. ಮೂರನೇ ಪಟ್ಟಿ ಇಲ್ಲ.’

ಅವನು ನಿಂತೇ ಇದ್ದ. ಆಗ ಪಾಸ್ತೋರಮ್ಮ ಹಿಂದೆ ತಿರುಗಿ ಅವನನ್ನು ನೋಡಿದಳು. ದನಿ ಏರಿಸಲಿಲ್ಲ.

‘ಆವತ್ತು ನೀನು ಬೇರೇನೂ ಮಾಡೋ ಹಾಗಿರ್ಲಿಲ್ಲ. ಅದನ್ನ ಒಪ್ತೀನಿ. ಮೂರು ವರ್ಷ ಅವರಿದ್ರು, ಅದನ್ನೂ ಒಪ್ತೀನಿ. ಆಮೇಲಿನ ನಾಲ್ಕು ವರ್ಷ ಯಾರಪ್ಪ ಬಂದೂಕು ಹಿಡಿದಿದ್ದು?’

ಎರಾಕ್ಲಿಯೊ, ‘ಯಾರೂ ಇಲ್ಲಮ್ಮ,’ ಎಂದ.

ಇನ್ನಾರಾದರೂ ನೋಡಿದವರಿದ್ದೀರಾ ಎಂದು ಆ ಹುಡುಗಿ ಕೇಳಿದಳು. ನಾನು ಕೈ ಎತ್ತಿದೆ. ಪಾಸ್ತೋರಮ್ಮ ನನ್ನತ್ತ ನೋಡಲೂ ಇಲ್ಲ.

ಮರುದಿನ ಡೆಲ್ಫಾಳ ಎಲುಬಾದರೂ ಸಿಕ್ಕೀತೆಂದು ಎಲ್ಲರೂ ಬಿದಿರುಮೆಳೆಯ ತಿರುವಿಗೆ ಹೋದೆವು. ಎರಾಕ್ಲಿಯೊ ಬೆರಳು ಮಾಡಿದ ಕಡೆ ದಡವೇ ಇರಲಿಲ್ಲ. ಎರಡು ವರ್ಷದ ಹಿಂದಿನ ಪ್ರವಾಹ ಮೂವತ್ತು ಮಾರು ನೆಲವನ್ನು ಬಿದಿರು ಸಮೇತ ನುಂಗಿತ್ತು. ಅಗೆಯುವವರು ಗುದ್ದಲಿ ಹಿಡಿದು ದೋಣಿಯಲ್ಲೇ ಕೂತಿದ್ದರು. ‘ಎರಡು ವರ್ಷದ ಹಿಂದೆ...’ ಎಂದು ಪಾಸ್ತೋರಮ್ಮ ಮೊದಲಿಟ್ಟವಳು ಅಲ್ಲಿಗೇ ನಿಲ್ಲಿಸಿದಳು. ಎರಾಕ್ಲಿಯೊ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಚುಕ್ಕಾಣಿಯನ್ನು ಬೇರೊಬ್ಬ ಹಿಡಿಯಬೇಕಾಯಿತು.

ಅವನ ಮೇಲೆ ಕೇಸಾಗಲಿಲ್ಲ. ಮಕ್ಕಳು ಪೇಟೆಗೆ ಬಾ ಎಂದರೂ ಹೋಗಲಿಲ್ಲ. ದೋಣಿ ಮಾರಲೂ ಇಲ್ಲ, ಮಾರಿದರೆ ಊರಿಗೆ ಬೇರೆ ಗತಿಯಿರಲಿಲ್ಲ. ಪಾಸ್ತೋರಮ್ಮನೂ ಔಷಧಿಗೆ ಅವನ ದೋಣಿಯಲ್ಲೇ ಹೋಗುತ್ತಿದ್ದಳು, ಅವನಿಗೆ ಬೆನ್ನು ಹಾಕಿ ಕೂತು.

ಹೋದ ವರ್ಷ ಅವಳು ತೀರಿಕೊಂಡಳು. ಸಾಯುವ ಮೊದಲು ತಂಗಿಗೆ, ‘ನನ್ನ ಮಾತ್ರ ಬೇರೆ ದೋಣೀಲಿ ಒಯ್ಯಿರೇ,’ ಎಂದಿದ್ದಳಂತೆ. ನಮ್ಮ ಸ್ಮಶಾನವಿರುವುದು ನದಿಯಾಚೆ. ಮೇಲಿನ ಊರಿಂದ ದೋಣಿ ತರಿಸಿದರು. ಪೆಟ್ಟಿಗೆ ಇಟ್ಟು, ಹೆಂಗಸರೆಲ್ಲ ಹಾಡು ಹೇಳುತ್ತ ಹತ್ತುವಾಗ ದೋಣಿ ಹೊಯ್ದಾಡತೊಡಗಿತು. ಎರಾಕ್ಲಿಯೊ ಮಂಡಿಯುದ್ದ ನೀರಿಗಿಳಿದು ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಎಲ್ಲರೂ ಹತ್ತಿದ ಮೇಲೂ ಹಿಡಿದೇ ಇದ್ದ. ನೀನೂ ಹತ್ತು ಎಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ‘ಬಿಡು ಮಾವ, ಹೊರಡ್ಬೇಕು,’ ಎಂದ ಆ ಊರಿನ ದೋಣಿಯವನು. ಎರಾಕ್ಲಿಯೊ ಕೈ ಬಿಟ್ಟ.