ಎಡಗೈಯ ಮೊಸರು

ಹೊರಡಲು ನಾಲ್ಕು ದಿನ ಉಳಿದಿತ್ತು. ಸೂಟ್‌ಕೇಸನ್ನು ಮೂರನೆಯ ಸಲ ಬಿಚ್ಚಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಸೀರೆಗಳ ನಡುವಿನಿಂದ ತೆಗೆದು ಚಪ್ಪಲಿಗಳ ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿದ್ದಲ್ಲಿಗೇ ಇಟ್ಟೆ. ಒಂದು ಕಡೆ ಕೂರಲಾಗುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ನನ್ನ ಮನೆ ಇರುವುದು ನೈರೋಬಿಯಲ್ಲಿ. ಪಾಸ್‌ಪೋರ್ಟಿನ ಪ್ರಕಾರ ಪುಣೆಯೇ ನನಗೀಗ ಪರದೇಶ. ಧನಕವಡಿಯ ಅಕ್ಕನ ಮನೆಗೆ ಮೂರು ವಾರಕ್ಕೆಂದು ಬಂದವಳು ಐದು ತಿಂಗಳು ಉಳಿದೆ. ಬಂದ ಒಂಬತ್ತನೆಯ ದಿನ ಬೆಳಿಗ್ಗೆ, ನನ್ನ ಎದುರಿಗೇ ಅಕ್ಕನ ಕೈಯಿಂದ ಚಹಾದ ಬಸಿ ಜಾರಿತು. ಅವಳು ಅದನ್ನೇ ನೋಡುತ್ತ ನಿಂತಳು, ಬಗ್ಗಲಿಲ್ಲ. ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆನೋ ಇವತ್ತಿಗೂ ಹೇಳಲಾರೆ. ಬಸಿ ಮೂರು ತುಂಡಾಗಿತ್ತು ಎಂಬುದು ಮಾತ್ರ ನೆನಪಿದೆ. ಆಸ್ಪತ್ರೆಯಲ್ಲಿ ಲಕ್ವಾ ಎಂದರು. ಮಾತು ಎರಡು ವಾರಕ್ಕೆ ತಿರುಗಿ ಬಂತು, ಕಾಲು ಎರಡು ತಿಂಗಳಿಗೆ. ಬಲಗೈ ಬರಲಿಲ್ಲ.

ಎಡಗೈಯಿಂದ ಉಣ್ಣಲು ಅಕ್ಕ ಒಪ್ಪಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಎಡಗೈ ತಾಟಿಗೆ ತಾಗಿದರೆ ಅವ್ವ ಆ ಕೈಗೇ ಹೊಡೆಯುತ್ತಿದ್ದಳು. ಐವತ್ತಾರು ದಾಟಿದರೂ ಅಕ್ಕನಿಗೆ ಆ ಪೆಟ್ಟು ಮರೆತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು, ಎಡಗೈಗೆ ಚಮಚ ಕೊಡಿ, ಕಲಿಯಲಿ ಎಂದು ಮರಾಠಿಯಲ್ಲಿ ದಿನವೂ ಹೇಳುತ್ತಿದ್ದರು. ಅಕ್ಕ ಹೂಂಗುಟ್ಟಿ, ಅವರು ಮೆಟ್ಟಿಲಿಳಿದ ಮೇಲೆ ಚಮಚವನ್ನು ದೂರ ಸರಿಸುತ್ತಿದ್ದಳು. ನಾನು ಅನ್ನ ಕಲಸಿ ತುತ್ತು ಕೊಡುತ್ತಿದ್ದೆ. ಅದರಲ್ಲಿ ತಪ್ಪೇನಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಈಗ ಅನ್ನಿಸತೊಡಗಿತ್ತು. ಭಾವ ಬೆಳಿಗ್ಗೆ ಏಳಕ್ಕೆ ಭೋಸರಿಯ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಅಡಿಗೆಯವಳು ಹತ್ತಕ್ಕೆ ಮಾಡಿಟ್ಟು ಹೋಗುತ್ತಾಳೆ. ಮಧ್ಯಾಹ್ನ ಅಕ್ಕನ ಮುಂದೆ ಊಟ ಇರುತ್ತದೆ, ಉಣಿಸುವವರು ಇರುವುದಿಲ್ಲ. ಟಿಕೆಟ್ಟನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸುತ್ತೇನೆ ಎಂದೆ. ಭಾವ ಶೂಸಿನ ಲಾಡಿ ಕಟ್ಟುತ್ತ, ತಲೆ ಎತ್ತದೆ ಹೇಳಿದರು:

“ಇನ್ನೊಂದ ತಿಂಗಳ ನೀವಿದ್ರ, ಇನ್ನೊಂದ ತಿಂಗಳ ಆಕಿ ಹಿಂಗ ಇರ್ತಾಳ್ರಿ.”

ಅಂದು ಮಧ್ಯಾಹ್ನ ತಾಟು, ಚಮಚ ಇಟ್ಟು, ತಾನೇ ಉಣ್ಣಲಿ ಎಂದು ಹೊರಗಿನ ಗ್ಯಾಲರಿಗೆ ಹೋಗಿ ನಿಂತೆ. ನಲವತ್ತು ನಿಮಿಷ. ಅನ್ನ ಒಣಗಿತ್ತು, ನಾನೇ ಉಣಿಸಿದೆ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಕೆಳಗಿಳಿದು ಬಸ್ ಸ್ಟಾಪಿನವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಮನೆಗೆ ಬಂದಾಗ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿತ್ತು. ಹಸಿವಿಲ್ಲ ಎಂದಳು. ಅಂದು ನಾನು ಉಣಿಸಲಿಲ್ಲ. ಅವಳು ಸಂಜೆಯವರೆಗೆ ಹಾಗೇ ಇದ್ದಳು, ನಾನೂ.

ಹೊರಡುವ ದಿನ ಮುಂಬೈಗೆ ಟ್ಯಾಕ್ಸಿ ಹತ್ತಕ್ಕೆ ಬಂತು. ಭಾವ ರಜೆ ಹಾಕಿದ್ದರು. ನಮ್ಮಲ್ಲಿ ದೂರ ಹೊರಟವರ ಅಂಗೈಗೆ ಮನೆಯ ಹಿರಿಯಳು ಮೊಸರು ಹಾಕುತ್ತಾಳೆ. ಸುಖವಾಗಿ ಹೋಗಿ ತಿರುಗಿ ಬರಲಿ ಎಂದು. ಭಾವ ಬಟ್ಟಲು ತಂದರು. ಅವರೇ ಹಾಕುತ್ತಾರೆಂದುಕೊಂಡು ಕೈ ಚಾಚಿದೆ. ಅಕ್ಕ ಬಿಡಲಿಲ್ಲ. ಎಡಗೈಯಿಂದ ಬಲಗೈ ಎತ್ತಿ ಹಿಡಿದು, ಆ ಬೆರಳುಗಳಲ್ಲಿ ಚಮಚ ಸಿಕ್ಕಿಸಿಕೊಂಡಳು. ಚಮಚ ಜಾರಿತು. ಮೊಸರು ಹೊಸ್ತಿಲಿಗೆ ಬಿತ್ತು.

ಅವ್ವ ಇದ್ದಿದ್ದರೆ ನನ್ನನ್ನು ಒಳಗೆ ಕೂರಿಸಿ, ನೀರು ಕುಡಿಸಿ, ಆಮೇಲೆ ಕಳಿಸುತ್ತಿದ್ದಳು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಹೋಗುವುದಿಲ್ಲ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಭಾವನ ಕೈಯಿಂದ ಇನ್ನೊಂದು ಚಮಚ ತರಿಸಿ, ಎಡಗೈಯಲ್ಲಿ ಹಿಡಿದಳು. ಭಾವ ತಡೆಯಲಾರದೆ, ಎಡಗೈಲೆ ಹಾಕಬಾರದಲ್ಲ ಎಂದುಬಿಟ್ಟರು.

“ಎಡಗೈ ಏನ್ ಮಂದೀದೇನ್ರಿ? ನಂದೇ ಅದ,” ಎಂದಳು ಅಕ್ಕ. ನನ್ನ ಕಡೆ ತಿರುಗಿ, “ಕೈ ಹಿಡಿ ಹುಚ್ಚಿ. ನಡುಗಸಬ್ಯಾಡ, ನಡುಗೋ ಕೆಲಸ ನನಗ ಬಿಡು.”

ಅರ್ಧ ಅಂಗೈಗೆ, ಅರ್ಧ ಮಣಿಕಟ್ಟಿಗೆ ಬಿತ್ತು. ನೆಕ್ಕಿದೆ. ಹೊಸ್ತಿಲು ಒರೆಸಲು ಬಗ್ಗಿದಾಗ, ಅದನ್ನು ತಾನು ನೋಡಿಕೊಳ್ಳುತ್ತೇನೆ, ನೀ ನಡಿ ಎಂದಳು.

ಘಾಟು ಇಳಿಯುವಾಗ ಒಂದು ಗಂಟೆ. ಫೋನ್ ಕೈಯಲ್ಲೇ ಇತ್ತು, ಮಾಡಲಿಲ್ಲ. ಒಂದೂ ಮುಕ್ಕಾಲಿಗೆ ಭಾವನೇ ಮಾಡಿದರು. ಉಂಡಳೇ ಎಂದು ಕೇಳಿದೆ.

“ಅರ್ಧಾ ನೆಲಕ್ಕ, ಅರ್ಧಾ ಹೊಟ್ಟಿಗಿ,” ಎಂದರು. ನೀವು ಉಣಿಸಿದಿರಾ ಎಂದೆ.

“ಎಲ್ಲೀದ್ರಿ. ನನ್ನ ಗ್ಯಾಲರಿಗೆ ಕಳಿಸ್ಯಾಳ. ಇನ್ನೂ ಒಳಗ ಕರದಿಲ್ಲ.”